ಗದ್ದೆ, ಗೋವಕ್ಕಿ, ಮಿದುಳು ಜ್ವರ

ಕರಿಘಟ್ಟದ ಮೆಟ್ಟಿಲು ಹತ್ತಿ, ಶ್ರೀನಿವಾಸ ದೇವರ ಗುಡಿಯಾಚೆಯ ಬಂಡೆಯ ಮೇಲೆ ನಿಂತರೆ ಈ ಸೀಮೆಯ ನೀರೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ನಾಗಮಂಗಲದ ಕಡೆಯಿಂದ ಇಳಿದು ಬರುವ ಲೋಕಪಾವನಿ ಬೆಟ್ಟದ ಬುಡ ಬಳಸಿಕೊಂಡು ಕಾವೇರಿಯನ್ನು ಸೇರುತ್ತದೆ. ಪಡುವಣಕ್ಕೆ ಶ್ರೀರಂಗಪಟ್ಟಣದ ದ್ವೀಪ, ಅದರ ತುದಿಗೆ ಗಂಜಾಂ. ಉಳಿದ ಕಡೆಯೆಲ್ಲ ಭತ್ತ, ಕಬ್ಬು, ಮಧ್ಯೆ ಮಧ್ಯೆ ತೆಂಗು. ಬೆಟ್ಟದ ಮೈ ಮಾತ್ರ ಒಣ ಕುರುಚಲು. ಮೇಲೆ ಪಿಕಳಾರದ ಕೂಗು, ಕೆಳಗೆ ಬೆಳ್ಳಕ್ಕಿಗಳ ಸಾಲು. ಕೆಲವು ನೂರು ಅಡಿ ಇಳಿಯುವಷ್ಟರಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಕಾಲಿಟ್ಟಂತಾಗುತ್ತದೆ.

ನಾನು ಇಳಿದು ಹೋಗುವುದು ಗದ್ದೆಗೆ. ನಾಟಿಯಾಗಿ ಎರಡು ಮೂರು ವಾರ ಕಳೆದಿರಬೇಕು. ಪೈರು ಬೇರು ಹಿಡಿದಿರುತ್ತದೆ, ತೆಂಡೆಯೊಡೆದು ನೀರನ್ನು ಇನ್ನೂ ಮುಚ್ಚಿರುವುದಿಲ್ಲ, ಬಿಸಿಲು ತಳದ ಕೆಸರಿನವರೆಗೆ ಇಳಿಯುತ್ತದೆ. ಸೊಳ್ಳೆಯ ಮರಿಗಳನ್ನು ನೋಡಲು ಇದೇ ಸರಿಯಾದ ಹೊತ್ತು. ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ, ಉದ್ದ ಹಿಡಿಯ ಬಿಳಿ ಸೌಟು ಸಾಕು. ಸೂರ್ಯನಿಗೆ ಮುಖ ಮಾಡಿ ಬದುವಿನ ಮೇಲೆ ಕೂರಬೇಕು. ನಮ್ಮ ನೆರಳು ನೀರಿಗೆ ಬಿದ್ದರೆ ಮರಿಗಳು ತಳ ಸೇರಿಬಿಡುತ್ತವೆ. ಸೌಟನ್ನು ಓರೆಯಾಗಿ ಮೆಲ್ಲಗೆ ಮುಳುಗಿಸಿ ಎತ್ತಿ, ನೀರು ತಿಳಿಯಾಗುವವರೆಗೆ ಕಾಯಬೇಕು.

ಮೊದಲಿಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ಎಳೆ ಕೊಂಕುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು. ತಲೆ ಕೆಳಗೆ, ಬಾಲ ಮೇಲೆ, ಬಾಲದ ತುದಿಯ ಉಸಿರ್ಗೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಓರೆಯಾಗಿ ನೇತುಬಿದ್ದಿರುವವು ಕ್ಯೂಲೆಕ್ಸ್. ನೀರಿನ ಮೇಲ್ಮೈಗೆ ಸಮನಾಗಿ, ಅಂಟಿಕೊಂಡಂತೆ ಮಲಗಿರುವವು ಅನಾಫಿಲಿಸ್. ಅದಕ್ಕೆ ಉಸಿರ್ಗೊಳವೆಯಿಲ್ಲ, ಹಾಗಾಗಿ ಮೈಯನ್ನೆಲ್ಲ ಮೇಲೆ ತರಬೇಕು. ಈ ಭೇದವನ್ನು ಹಳ್ಳಿಶಾಲೆಯ ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು, ಮರೆಯುವುದಿಲ್ಲ. ಅದೇ ಸೌಟಿನಲ್ಲಿ ಕೆಲವೊಮ್ಮೆ ಏರೋಪ್ಲೇನ್ ಚಿಟ್ಟೆಯ ಮರಿಯೂ ಬರುತ್ತದೆ. ಅದು ಮಡಚಿಟ್ಟುಕೊಂಡ ಕೆಳದುಟಿಯನ್ನು ಫಕ್ಕನೆ ಚಾಚಿ ಸೊಳ್ಳೆ ಮರಿಯನ್ನು ಹಿಡಿದು ತಿನ್ನುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯದು. ಕೀಟನಾಶಕ ಹೊಡೆದ ಗದ್ದೆಯಲ್ಲಿ ಈ ಬೇಟೆಗಾರ ಮೊದಲು ಸಾಯುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಗೆ ಬರುವ ಸೊಳ್ಳೆ ಮತ್ತೆ ತುಂಬಿಕೊಳ್ಳುತ್ತದೆ, ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ನೀರಲ್ಲೇ ಬೆಳೆಯಬೇಕಾದ ಏರೋಪ್ಲೇನ್ ಚಿಟ್ಟೆ ಅಷ್ಟು ಬೇಗ ಮರಳುವುದಿಲ್ಲ.

“ಏನ್ ಸಾಮಿ, ಗದ್ದೆ ನೀರಲ್ಲಿ ಏನ್ ಹುಡುಕ್ತಾ ಇದ್ದೀರಿ?” ಎಂದು ಬದುವಿನ ಮೇಲೆ ಬಂದವರು ಕೇಳಿದರು. ಹೆಗಲ ಮೇಲೆ ಗುದ್ದಲಿ.

“ಸೊಳ್ಳೆ ಮರಿ ಗೌಡ್ರೇ.”

“ಅಯ್ಯೋ, ಅವುನ್ನ ನೀವ್ಯಾಕೆ ಹುಡುಕ್ತೀರಿ? ಸಂಜೆ ನಮ್ಮ ಕೊಟ್ಟಿಗೆ ತಾವ್ಕೆ ಬನ್ನಿ, ಅವೇ ಬಂದು ನಿಮ್ಮನ್ನ ಹುಡುಕ್ತವೆ.”

ಹೋದೆ. ಬೇವಿನ ಸೊಪ್ಪಿನ ಹೊಗೆ ಹಾಕಿದ್ದರೂ ಎಮ್ಮೆಯ ಹೊಟ್ಟೆಯಡಿ, ತೊಡೆಯ ಸಂದಿಯಲ್ಲಿ ಸೊಳ್ಳೆಗಳು ಮುತ್ತಿದ್ದವು. ಟಾರ್ಚ್ ಹಿಡಿದು ಮಸೂರದಲ್ಲಿ ನೋಡಿದರೆ ಚಿಕ್ಕ ಕಂದು ಸೊಳ್ಳೆ, ಸೊಂಡಿಲ ನಡುವೆ ಮಸುಕು ಬಿಳಿಯ ಪಟ್ಟಿ, ಮೈ ಚರ್ಮಕ್ಕೆ ಸಮಾನಾಂತರ. ಭತ್ತದ ಗದ್ದೆಯ ಕ್ಯೂಲೆಕ್ಸ್ ಗುಂಪಿನದು. ಈ ಗುಂಪಿನಲ್ಲಿ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಎಂಬ ಜಾತಿಯೇ ಮುಖ್ಯ. ಮಂಡ್ಯ ಜಿಲ್ಲೆಯಲ್ಲಿ ಮಿದುಳು ಜ್ವರ ಹರಡುವ ಸೊಳ್ಳೆಗಳ ಬಗ್ಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ, ಅವರು ಹುಡುಕಿದ್ದೂ ಇಂಥವನ್ನೇ.

ಆ ಕಥೆಗೆ ಬರುವ ಮೊದಲು ಇಲ್ಲಿಯ ಹಳೆಯ ಜ್ವರದ ಮಾತು ಆಡಲೇಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತು. ಕೋಟೆಯನ್ನು ಗೆದ್ದವರಿಗೆ ಅಲ್ಲಿಯ ಸೊಳ್ಳೆ, ಜ್ವರ ತಡೆಯಲಾಗಲಿಲ್ಲ. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಹೋಯಿತು. ಬೆಂಗಳೂರು ದಂಡುಪ್ರದೇಶ ಹುಟ್ಟಿದ್ದರಲ್ಲಿ ಈ ದ್ವೀಪದ ಸೊಳ್ಳೆಯ ಪಾಲೂ ಇದೆ.

ನೂರು ವರ್ಷಗಳ ಬಳಿಕ ಕನ್ನಂಬಾಡಿ ಕಟ್ಟೆ ಎದ್ದಿತು. ಕೆಲಸ ಹಿಡಿದದ್ದು 1911ರಲ್ಲಿ. 1930ರ ದಶಕದ ಆರಂಭದಲ್ಲಿ ಹುಲಿಕೆರೆ ಸುರಂಗದ ಮೂಲಕ ಇರ್ವಿನ್ ನಾಲೆಯ ನೀರು, ಈಗ ನಾವು ವಿ.ಸಿ. ನಾಲೆ ಎನ್ನುವುದು, ಮಂಡ್ಯದ ಒಣ ಬಯಲಿಗೆ ಹರಿಯಿತು. ರಾಗಿ ತಿನ್ನುತ್ತಿದ್ದ ಸೀಮೆ ಅನ್ನ ಕಂಡಿತು, ಸಕ್ಕರೆ ಕಾರ್ಖಾನೆ ಬಂತು. ಜೊತೆಯಲ್ಲೇ ಚಳಿಜ್ವರ, ಅಂದರೆ ಮಲೇರಿಯಾ, ಕೂಡ ಬಂತು. ನಾಲೆಯ ಬಸಿನೀರು, ಹೊಸದಾಗಿ ನಾಟಿ ಮಾಡಿದ ಗದ್ದೆ, ಬಿಸಿಲು ಬೀಳುವ ತಿಳಿಕುಂಟೆ, ಇವೆಲ್ಲ ಆ ಜ್ವರ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ಹೇಳಿಮಾಡಿಸಿದ ಜಾಗ. ನೀರು ಕೊಟ್ಟ ಉಪಕಾರವನ್ನು ನಾನು ಕಡಿಮೆ ಮಾಡುತ್ತಿಲ್ಲ, ಆ ನೀರಿಲ್ಲದಿದ್ದರೆ ಈ ಸೀಮೆಯೇ ಇಲ್ಲ. ಆದರೆ ಹೊಸ ನೀರು ಹೊಸ ಜೀವಿಗಳನ್ನೂ ಕರೆತರುತ್ತದೆ ಎಂಬುದನ್ನು ಯೋಜನೆ ಹಾಕುವವರು ಮರೆಯಬಾರದು. ಹೇಮಾವತಿ ನಾಲೆ ಕೆ.ಆರ್. ಪೇಟೆ, ನಾಗಮಂಗಲದ ಕಡೆ ನೀರು ಹರಿಸಿದಾಗಲೂ ಇದೇ ಎಚ್ಚರ ಬೇಕಿತ್ತು.

ಮೈಸೂರು ಸರ್ಕಾರ ಸುಮ್ಮನೆ ಕೂರಲಿಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ. 1920ರ ದಶಕದ ಕೊನೆಯಿಂದಲೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಇಲ್ಲಿ ಮಲೇರಿಯಾ ಅಧ್ಯಯನ ನಡೆಯಿತು. ವೈದ್ಯರು ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಊದಿದೆಯೇ ನೋಡುತ್ತಿದ್ದರು, ಅದರಿಂದ ಊರಿನ ಜ್ವರದ ಪ್ರಮಾಣ ತಿಳಿಯುತ್ತಿತ್ತು. ಪ್ಯಾರಿಸ್ ಗ್ರೀನ್ ಎಂಬ ತಾಮ್ರ, ಪಾಷಾಣ ಬೆರೆತ ಹಸಿರು ಪುಡಿಯನ್ನು ಧೂಳಿನೊಂದಿಗೆ ಕಲಸಿ ನೀರಿನ ಮೇಲೆ ತೂರುತ್ತಿದ್ದರು. ಮೇಲ್ಮೈಯಲ್ಲಿ ಮಲಗಿ ಉಣ್ಣುವ ಅನಾಫಿಲಿಸ್ ಮರಿ ಅದನ್ನು ತಿಂದು ಸಾಯುತ್ತಿತ್ತು. ಮೇಲ್ಮೈಯಿಂದ ಕೆಳಗೆ ತಲೆಹಾಕಿ ಮೇಯುವ ಕ್ಯೂಲೆಕ್ಸ್ ಮರಿಗೆ ಅದರ ಪೆಟ್ಟು ಕಡಿಮೆ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು, ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಇನ್ನೊಂದು ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅವುಗಳ ಪಕ್ಕದ ತೇಲುಪಟ್ಟಿಯ ಗೀರುಗಳನ್ನು ಎಣಿಸಿ, ಒಂದು ಬಗೆಗೆ ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ನಮ್ಮ ಮೈಸೂರಿನ ಹೆಸರು ಹೀಗೆ ಸೊಳ್ಳೆಯ ಶಾಸ್ತ್ರದಲ್ಲಿ ಉಳಿದಿದೆ. ಇತ್ತೀಚೆಗೆ ಸ್ಟೀಫೆನ್ಸಿ ಆಫ್ರಿಕಾದ ನಗರಗಳಿಗೂ ನುಗ್ಗಿದೆ. 2012ರಲ್ಲಿ ಅದು ಜಿಬೂಟಿಯಲ್ಲಿ ಕಂಡಿತು.

ಸ್ವಾತಂತ್ರ್ಯದ ಬಳಿಕ 1953ರಲ್ಲಿ ದೇಶವ್ಯಾಪಿ ಮಲೇರಿಯಾ ಕಾರ್ಯಕ್ರಮ ಬಂತು, ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ರಕ್ತ ಕುಡಿದು ಗೋಡೆಯ ಮೇಲೆ ಕೂರುವ ಅನಾಫಿಲಿಸ್‌ಗೆ ಅದು ತಗುಲಿತು. ಗದ್ದೆಯ ಕ್ಯೂಲೆಕ್ಸ್ ಹಾಗಲ್ಲ. ಹೊರಗೇ ಕಚ್ಚುತ್ತದೆ, ಪೈರಿನ ಬುಡದಲ್ಲಿ, ಬೇಲಿಯ ಗಿಡಗಳಲ್ಲಿ ಹಗಲು ಕಳೆಯುತ್ತದೆ. ಗೋಡೆಗೆ ಹೊಡೆದ ಮದ್ದು ಅದನ್ನು ಮುಟ್ಟುವುದೇ ಇಲ್ಲ.

ಮಿದುಳು ಜ್ವರ, ಆಸ್ಪತ್ರೆಯ ಮಾತಿನಲ್ಲಿ ಜೆಇ (ಜಪಾನೀಸ್ ಎನ್ಸೆಫಲೈಟಿಸ್), ಭಾರತದಲ್ಲಿ ಮೊದಲು ಗುರುತಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ಕರ್ನಾಟಕದಲ್ಲಿ 1970ರ ದಶಕದ ಕೊನೆಗೆ ಕೋಲಾರದಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತು, 80ರ ದಶಕದಲ್ಲಿ ಮಂಡ್ಯಕ್ಕೂ ಬಂತು. ನಮ್ಮ ರಾಜ್ಯದಲ್ಲಿ ಇದಕ್ಕೆ ವರ್ಷದಲ್ಲಿ ಎರಡು ಹೊತ್ತು. ಏಪ್ರಿಲ್‌ನಿಂದ ಜುಲೈವರೆಗೆ ಜೋರು, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ತುಸು ಮೆದು. ಬೇಸಿಗೆ ಬೆಳೆಯ, ಮುಂಗಾರು ಬೆಳೆಯ ಗದ್ದೆಯನ್ನು ನೋಡುತ್ತ ಬಂದವರಿಗೆ ಈ ಕಾಲಗಣನೆ ಅಚ್ಚರಿಯೆನಿಸದು.

ವೈರಾಣುವಿನ ನಿಜವಾದ ಮನೆ ಮನುಷ್ಯನಲ್ಲ. ಬಕ, ಬೆಳ್ಳಕ್ಕಿ, ಗೋವಕ್ಕಿಗಳ ಮೈಯಲ್ಲಿ ಅದು ಸದ್ದಿಲ್ಲದೆ ಬದುಕುತ್ತದೆ, ಹಕ್ಕಿಗೆ ಕಾಯಿಲೆಯೇನೂ ಕಾಣುವುದಿಲ್ಲ. ಸೊಳ್ಳೆ ಅದನ್ನು ಹಕ್ಕಿಯಿಂದ ಹಂದಿಗೆ ಒಯ್ಯುತ್ತದೆ. ಹಂದಿಯ ರಕ್ತದಲ್ಲಿ ವೈರಾಣು ಕೆಲವು ದಿನ ವಿಪರೀತ ಹೆಚ್ಚುತ್ತದೆ, ಆಗ ಕಚ್ಚಿದ ಸೊಳ್ಳೆಗಳೆಲ್ಲ ಸೋಂಕು ಹೊರುತ್ತವೆ. ವರ್ಷ ವರ್ಷ ಹುಟ್ಟುವ ಹಂದಿಮರಿಗಳಿಗೆ ರೋಗನಿರೋಧಕ ಶಕ್ತಿಯೂ ಇರುವುದಿಲ್ಲ. ಗೌಡರ ಎಮ್ಮೆಯ ವಿಷಯ ಬೇರೆ. ಅದನ್ನು ಎಷ್ಟು ಸೊಳ್ಳೆ ಕಚ್ಚಿದರೂ ಅದರ ರಕ್ತದಲ್ಲಿ ವೈರಾಣು ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಬೆಳೆಯದು. ಮನುಷ್ಯನಲ್ಲೂ ಹಾಗೆಯೇ, ಅಲ್ಲಿಗೆ ಸರಪಳಿ ಮುಗಿಯುತ್ತದೆ. ಒಬ್ಬರಿಂದೊಬ್ಬರಿಗೆ ಇದು ಹರಡುವುದಿಲ್ಲ. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ. ಆ ಒಬ್ಬರು ಹೆಚ್ಚಾಗಿ ಮಗುವೇ ಆಗಿರುತ್ತಾರೆ. ಜ್ವರ, ತಲೆನೋವು, ಆಮೇಲೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಹೀಗೆ ತೀವ್ರವಾದವರಲ್ಲಿ ನೂರಕ್ಕೆ 30ರವರೆಗೆ ಸಾಯುತ್ತಾರೆ. ಬದುಕಿದವರಲ್ಲೂ ಹಲವರಿಗೆ ಮಾತು, ನಡಿಗೆ, ಬುದ್ಧಿಯ ಕುಂದು ಉಳಿದುಬಿಡುತ್ತದೆ. ವೈರಾಣುವನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ.

ಇಷ್ಟು ಕೇಳಿದವರು ಮೊದಲು ಆಡುವ ಮಾತು, “ಹಾಗಾದ್ರೆ ಆ ಹಕ್ಕಿಗಳನ್ನೇ ಓಡಿಸಿಬಿಡಬೇಕು.” ಇದನ್ನು ನಾನು ಒಪ್ಪುವುದಿಲ್ಲ. ಊರ ಹುಣಿಸೆಮರದ ಬೆಳ್ಳಕ್ಕಿ ಗೂಡುಗಳನ್ನು ಕೆಡವಿದರೆ ಅವು ಪಕ್ಕದೂರಿನ ಮರಕ್ಕೆ ಹೋಗುತ್ತವೆ, ವೈರಾಣುವೂ ಅವುಗಳ ಜೊತೆ ಹೋಗುತ್ತದೆ. ಗದ್ದೆಯಲ್ಲಿ ಅವು ತಿನ್ನುವ ಹುಳುಹುಪ್ಪಟೆಗಳ ಕಾಟ ನಮಗೆ ಉಳಿಯುತ್ತದೆ. 1940ರಿಂದ ರಕ್ಷಿತವಾಗಿರುವ ರಂಗನತಿಟ್ಟು ಇಲ್ಲಿಂದ ಕಣ್ಣಳತೆಯ ದೂರ, ಮದ್ದೂರಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಮನೆಯಂಗಳದ ಮರದಲ್ಲೇ ಮರಿ ಮಾಡುತ್ತವೆ. ಆ ಸಹವಾಸವನ್ನು ಹೆದರಿಕೆಗೆ ಬಲಿ ಕೊಡಬಾರದು. ಸರಪಳಿಯನ್ನು ಕತ್ತರಿಸಬೇಕಾದ ಕೊಂಡಿಗಳು ಬೇರೆ ಇವೆ.

ಒಂದು ಕೊಂಡಿ ಹಂದಿ. ಹಂದಿ ಸಾಕಿ ಬದುಕುವವರ ಹೊಟ್ಟೆ ಮೇಲೆ ಹೊಡೆಯದೆ, ಮನೆಗಳಿಂದ ದೂರದಲ್ಲಿ ಪಂಚಾಯಿತಿಯೇ ಜಾಗ ಕೊಟ್ಟು ದೊಡ್ಡಿ ಕಟ್ಟಿಸಿಕೊಡಬೇಕು. ಬೀದಿಯಲ್ಲಿ ಅಲೆಯುವ ಹಂದಿ ಮಕ್ಕಳು ಮಲಗುವ ಜಗಲಿಯ ಪಕ್ಕದಲ್ಲೇ ಇರುತ್ತದೆ, ಕೆಟ್ಟದ್ದಾಗುವುದು ಅಲ್ಲಿಯೇ.

ಇನ್ನೊಂದು ಕೊಂಡಿ ಗದ್ದೆಯ ನೀರು. ಅದನ್ನು ನಾನು ಗೌಡರಿಂದಲೇ ಕಲಿತೆ ಎನ್ನಬೇಕು. ನಾಲೆಯಲ್ಲಿ ಕಟ್ಟು ಪದ್ಧತಿ ಬಂದಾಗ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸಿದಾಗ, ರೈತರು ಬೈಯುತ್ತಾರೆ, ಬೈಯಲು ಕಾರಣವೂ ಇರುತ್ತದೆ. ಆದರೆ ಗೌಡರು ಗಮನಿಸಿದ್ದರು: “ನಾಲೆ ನೀರು ನಿಂತ ವಾರ ಸೊಳ್ಳೆ ಕಮ್ಮಿ ಕಣ್ರೀ.” ಬಿಸಿಲಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಅಷ್ಟರೊಳಗೆ ಗದ್ದೆ ಆರಿದರೆ ಮರಿಗಳು ಸಾಯುತ್ತವೆ. ಭತ್ತ ಇಡೀ ಕಾಲ ನೀರಲ್ಲಿ ಮುಳುಗಿರಲೇಬೇಕೆಂದೇನೂ ಇಲ್ಲ. ನೀರು ಕೊಟ್ಟು, ಆರಿಸಿ, ಮತ್ತೆ ಕೊಡುವ ಬೇಸಾಯದಲ್ಲಿ ನೀರೂ ಉಳಿಯುತ್ತದೆ, ಸೊಳ್ಳೆಯೂ ಇಳಿಯುತ್ತದೆ. ಇದಕ್ಕೆ ಗದ್ದೆ ಸಮತಟ್ಟಾಗಿರಬೇಕು, ಬಯಲಿನವರೆಲ್ಲ ಒಟ್ಟಿಗೆ ಮಾಡಬೇಕು. ತಗ್ಗಿನಲ್ಲಿ ತುಸು ನೀರು ಉಳಿದರೂ ಸೊಳ್ಳೆಗೆ ಸಾಕು: ಆರಿದ ಗದ್ದೆಯಲ್ಲಿ ಎತ್ತಿನ ಒಂದು ಗೊರಸಿನ ಗುರುತಿಗೆ ಸೌಟಿಳಿಸಿದೆ, ಬೊಗಸೆಯೂ ತುಂಬದ ಆ ನೀರಿನಲ್ಲಿ ಮರಿಗಳು ಗಿಜಿಗುಡುತ್ತಿದ್ದವು. ಯೂರಿಯಾ ಹೆಚ್ಚು ಸುರಿದ ಗದ್ದೆಯಲ್ಲಿ ಈ ಮರಿಗಳು ಹೆಚ್ಚುತ್ತವೆ, ಬೇವಿನ ಹಿಂಡಿ ಬೆರೆಸಿದರೆ ಕಡಿಮೆಯಾಗುತ್ತವೆ ಎಂಬುದನ್ನು ತಮಿಳುನಾಡಿನ ಗದ್ದೆಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಬೇವಿನ ಹಿಂಡಿ ನಮ್ಮ ಹಿರಿಯರಿಗೆ ಹೊಸದೇನಲ್ಲ.

ಇಷ್ಟೆಲ್ಲ ಮಾಡಿದರೂ ಭತ್ತದ ಸೀಮೆಯಲ್ಲಿ ಸೊಳ್ಳೆ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕೊನೆಯ ಕೊಂಡಿಯೇ ಎಲ್ಲಕ್ಕಿಂತ ಮುಖ್ಯ: ಲಸಿಕೆ. ಜಪಾನಿನಲ್ಲಿ ಇಂದಿಗೂ ಹಂದಿಗಳ ರಕ್ತದಲ್ಲಿ ಈ ವೈರಾಣು ಸಿಗುತ್ತದೆ, ಅವರು ಭತ್ತ ಬಿಟ್ಟಿಲ್ಲ, ಬಕಗಳನ್ನೂ ಕೊಂದಿಲ್ಲ. ಆದರೂ ಲಸಿಕೆಯಿಂದಾಗಿ ಮನುಷ್ಯರಲ್ಲಿ ಕಾಯಿಲೆ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಕೋಲಾರದಲ್ಲಿ 80ರ ದಶಕದ ಆರಂಭದಲ್ಲಿ ಸಿಕ್ಕ ವೈರಾಣುವಿನ ತಳಿಯಿಂದಲೇ ನಮ್ಮ ದೇಶದ ಜೆನ್‌ವ್ಯಾಕ್ ಲಸಿಕೆ ತಯಾರಾಗಿದೆ, 2013ರಿಂದ ಬಳಕೆಯಲ್ಲಿದೆ. ಈ ಲಸಿಕೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ದಡಾರದಂಥ ಕಾಯಿಲೆಯಲ್ಲಿ ಊರಿನ ಬಹುತೇಕ ಮಕ್ಕಳಿಗೆ ಲಸಿಕೆಯಾದರೆ ಉಳಿದ ಮಗುವಿಗೂ ಕಾವಲು ಸಿಗುತ್ತದೆ, ಏಕೆಂದರೆ ಕಾಯಿಲೆ ಬರುವುದು ಮನುಷ್ಯರಿಂದಲೇ. ಮಿದುಳು ಜ್ವರದಲ್ಲಿ ಆ ರಕ್ಷಣೆಯಿಲ್ಲ. ವೈರಾಣು ಹಕ್ಕಿಯಲ್ಲಿದೆ, ಸೊಳ್ಳೆಯಲ್ಲಿದೆ. ಪಕ್ಕದ ಮನೆಯ ಮಗುವಿನ ಲಸಿಕೆ ನಮ್ಮ ಮನೆಯ ಮಗುವನ್ನು ಕಾಯುವುದಿಲ್ಲ.

ಮಗುವಿಗೆ 9 ತಿಂಗಳು ತುಂಬಿದಾಗ ಒಂದು ಜೆಇ ಲಸಿಕೆ, 16ರಿಂದ 24 ತಿಂಗಳೊಳಗೆ ಇನ್ನೊಂದು. ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿಯ ಲಸಿಕೆ ದಿನದಂದು ದುಡ್ಡಿಲ್ಲದೆ ಹಾಕುತ್ತಾರೆ. ಇದನ್ನು ಓದಿದವರು ದಯವಿಟ್ಟು ಮನೆಯ ತಾಯಿ ಕಾರ್ಡ್ ತೆಗೆದು ಎರಡೂ ಗುರುತು ಬಿದ್ದಿವೆಯೇ ನೋಡಿ. ಒಂದು ತಪ್ಪಿದ್ದರೆ ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ.