ಮೊದಲ ಸಾಕುಹಲ್ಲಿ: ಹುಬ್ಬಳ್ಳಿ–ಧಾರವಾಡದ ಮನೆಗೆ ಯಾವ ಗೆಕ್ಕೊ ಹೊಂದುತ್ತದೆ?

ಸಂಜೆ ಟ್ಯೂಬ್‌ಲೈಟ್ ಹತ್ತಿದ ಕೂಡಲೇ ಗೋಡೆಯ ಮೇಲೆ ಹಾಜರಾಗುವ ಹಲ್ಲಿಯನ್ನು ಕಸಬರಿಗೆ ಹಿಡಿದು ಓಡಿಸುವ ಮನೆಗಳಲ್ಲೇ ಈಗ ಮಕ್ಕಳು ಮೊಬೈಲ್‌ನಲ್ಲಿ ಹಳದಿ ಮೈಯ, ಕಪ್ಪು ಚುಕ್ಕೆಯ ಹಲ್ಲಿಯೊಂದನ್ನು ತೋರಿಸಿ “ಅಪ್ಪಾ, ಇದನ್ನ ಸಾಕೂಣೇನು?” ಎಂದು ಕೇಳುತ್ತಿದ್ದಾರೆ. ಅದು ಲೆಪರ್ಡ್ ಗೆಕ್ಕೊ. ಅದರ ಜೊತೆಗೆ ಕ್ರೆಸ್ಟೆಡ್, ಟೋಕೆ ಎಂಬ ಹೆಸರುಗಳೂ ಕೇಳಿಬರುತ್ತವೆ. ಇವುಗಳಲ್ಲಿ ಯಾವುದು ನಮ್ಮ ಊರಿನ ಹವೆಗೆ ಒಗ್ಗುತ್ತದೆ? ಯಾವುದನ್ನು ಮುಟ್ಟಲೇಬಾರದು? ಒಂದೊಂದಾಗಿ ನೋಡೋಣ.

ಮೊದಲು ಒಂದು ಮಾತು: ಗೆಕ್ಕೊಗೆ ವಿಷವಿಲ್ಲ

ಗೆಕ್ಕೊ ಎಂದರೆ ಬೇರೇನೂ ಅಲ್ಲ, ನಮ್ಮ ಮನೆಹಲ್ಲಿಯ ಕುಟುಂಬವೇ. ಲೊಚಗುಟ್ಟಿದರೆ ಶಕುನ, ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ, ಅನ್ನದಲ್ಲಿ ಬಿದ್ದರೆ ವಿಷ ಎಂದು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಹಲ್ಲಿ ಲೊಚಗುಟ್ಟುವುದು ತನ್ನ ಜಾಗ ಸಾರಲು ಮತ್ತು ಸಂಗಾತಿಯನ್ನು ಕರೆಯಲು. ನಮ್ಮ ಮಾತಿಗೆ ಸಾಕ್ಷಿ ಹೇಳಲು ಅಲ್ಲ. ವಿಷದ ಮಾತಿಗೂ ಆಧಾರವಿಲ್ಲ, ಯಾವ ಗೆಕ್ಕೊಗೂ ವಿಷಗ್ರಂಥಿ ಇಲ್ಲ. ಆದರೆ ಹಲ್ಲಿಗಳ ಕರುಳಿನಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಇರಬಹುದು. ವಾಂತಿ-ಭೇದಿ ತರುವ ರೋಗಾಣು ಇದು. ಹಲ್ಲಿ ಬಿದ್ದ ಆಹಾರವನ್ನು ಚೆಲ್ಲಬೇಕಾದದ್ದು ಇದರಿಂದಾಗಿಯೇ ಹೊರತು ವಿಷದಿಂದಲ್ಲ. ಗೆಕ್ಕೊ ಸಾಕುವಾಗಲೂ ನೆನಪಿಡಬೇಕಾದ ಅಪಾಯ ಇದೇ.

ಗೋಡೆಯ ಹಲ್ಲಿಯನ್ನೇ ಸಾಕಿದರೆ?

“ದುಡ್ಡು ಯಾಕೆ ಕೊಡಬೇಕು, ಮನೆಯಲ್ಲೇ ಇದೆಯಲ್ಲ” ಎನ್ನುವವರಿದ್ದಾರೆ. ಮನೆಹಲ್ಲಿ ಬಲು ಚುರುಕು. ಹಿಡಿದರೆ ಬಾಲ ಕಳಚಿ ಓಡುತ್ತದೆ, ಡಬ್ಬಿಯಲ್ಲಿ ಹಾಕಿದರೆ ಹೆದರಿ ಊಟ ಬಿಡುತ್ತದೆ. ಅಲ್ಲದೆ ‘ಹಲ್ಲಿ’ ಎಂಬ ಒಂದೇ ಹೆಸರಿನಡಿ ಹತ್ತಾರು ಜಾತಿಗಳಿವೆ. 1935ರಲ್ಲಿ ವಿಜ್ಞಾನ ಗುರುತಿಸಿದ ಹೆಮಿಡ್ಯಾಕ್ಟೈಲಸ್ ಪ್ರಶಾದಿ ಎಂಬ ಹಲ್ಲಿ ಮೊದಲು ಸಿಕ್ಕಿದ್ದು ನಮ್ಮ ಜೋಗದ ಸುತ್ತಮುತ್ತಲೇ. ದಾಂಡೇಲಿ ಕಡೆಗೆ ಪ್ರವಾಸ ಹೋದಾಗ ಚಂದ ಕಂಡಿತೆಂದು ಹಿಡಿದು ತಂದರೆ, ತಂದದ್ದು ಯಾವ ಜಾತಿ, ಅದಕ್ಕೆ ಕಾನೂನಿನ ರಕ್ಷಣೆ ಇದೆಯೇ ಎಂಬುದು ನಮಗೆ ತಿಳಿದಿರುವುದಿಲ್ಲ. ಕಾಡಿನದಾಗಲಿ ಗೋಡೆಯದಾಗಲಿ, ಹಿಡಿದು ಸಾಕುವುದು ಬೇಡ.

ಟೋಕೆ: ದೂರವಿರಿ

ಟೋಕೆ ಗೆಕ್ಕೊ ನಮ್ಮ ಈಶಾನ್ಯ ರಾಜ್ಯಗಳಲ್ಲೂ ಆಗ್ನೇಯ ಏಷ್ಯಾದಲ್ಲೂ ಇರುವ ದೊಡ್ಡ ಹಲ್ಲಿ. ಒಂದಡಿಗೂ ಹೆಚ್ಚು ಬೆಳೆಯಬಲ್ಲದು. ಬೂದು-ನೀಲಿ ಮೈಮೇಲೆ ಕಿತ್ತಳೆ ಚುಕ್ಕೆ, ನೋಡಲು ಸೊಗಸು. ಆದರೆ ಕಚ್ಚಿದರೆ ಬಿಡುವುದಿಲ್ಲ. ಇದರಿಂದ ಏಡ್ಸ್ ವಾಸಿಯಾಗುತ್ತದೆ, ಒಂದಕ್ಕೆ ಲಕ್ಷಾಂತರ ರೂಪಾಯಿ ಸಿಗುತ್ತದೆ ಎಂಬ ವದಂತಿ ವರ್ಷಗಳಿಂದ ಹರಿದಾಡುತ್ತಿದೆ. ಈ ಔಷಧದ ಮಾತಿಗೆ ಯಾವ ಆಧಾರವೂ ಇಲ್ಲವೆಂದು ಫಿಲಿಪ್ಪೀನ್ಸ್‌ನ ಆರೋಗ್ಯ ಇಲಾಖೆ 2011ರಲ್ಲೇ ಎಚ್ಚರಿಸಿತ್ತು. 2019ರಲ್ಲಿ ಟೋಕೆ ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ನಮ್ಮ ವನ್ಯಜೀವಿ ಕಾಯ್ದೆಯಡಿಯಲ್ಲೂ ಇದು ರಕ್ಷಿತ ಪ್ರಾಣಿ. ಸಾಕಿದರೆ, ಮಾರಿದರೆ, ಸಾಗಿಸಿದರೆ ಕೇಸು ಖಚಿತ.

ಕ್ರೆಸ್ಟೆಡ್: ಸಾಧು ಪ್ರಾಣಿ, ಆದರೆ ನಮ್ಮ ಬೇಸಿಗೆ ತಡೆಯದು

ಕ್ರೆಸ್ಟೆಡ್ ಗೆಕ್ಕೊ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದ್ದು. ನಾಶವಾಗಿ ಹೋಗಿದೆ ಎಂದೇ ತಿಳಿದಿದ್ದ ಇದು 1994ರಲ್ಲಿ ಮತ್ತೆ ಪತ್ತೆಯಾಯಿತು. ಕಣ್ಣಿನ ಮೇಲೆ ರೆಪ್ಪೆಗೂದಲಿನಂಥ ಮುಳ್ಳುಸಾಲು ಇದೆ, ಕಾಲ್ಬೆರಳ ಸೂಕ್ಷ್ಮ ಕೂದಲುಗಳಿಂದ ಗಾಜಿನ ಮೇಲೂ ಏರುತ್ತದೆ. ಹಣ್ಣಿನ ಪುಡಿಯ ಸಿದ್ಧ ಆಹಾರವನ್ನು ಕಲಸಿ ಕೊಟ್ಟರೆ ತಿನ್ನುತ್ತದೆ. ಹೀಗಾಗಿ ಜೀವಂತ ಹುಳುಗಳನ್ನು ನಿತ್ಯ ತರುವ ರಗಳೆ ಕಡಿಮೆ. ಒಂದು ಸಲ ಬಾಲ ಕಳಚಿದರೆ ಮಾತ್ರ ಮತ್ತೆ ಬೆಳೆಯುವುದಿಲ್ಲ.

ತೊಡಕಿರುವುದು ಬಿಸಿಲಿನಲ್ಲಿ. ಇದಕ್ಕೆ ಬೇಕಾದದ್ದು ಸುಮಾರು 22ರಿಂದ 26 ಡಿಗ್ರಿ. 28 ದಾಟಿದರೆ ಕಷ್ಟ, ಅದಕ್ಕೂ ಮೇಲೆ ಹೋದರೆ ಜೀವಕ್ಕೇ ಅಪಾಯ. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯ ಮಧ್ಯಾಹ್ನ 36-37 ಡಿಗ್ರಿ ಮುಟ್ಟುತ್ತದೆ. ಹಗಲಿಡೀ ಎ.ಸಿ. ನಡೆಯಬೇಕು, ಕರೆಂಟ್ ಹೋದರೂ ನಿಲ್ಲಬಾರದು. ಮಳೆಗಾಲದ ಧಾರವಾಡ ಇದಕ್ಕೆ ಸ್ವರ್ಗ, ಬೇಸಿಗೆಯ ಹುಬ್ಬಳ್ಳಿ ನರಕ. ಮೊದಲ ಸಲ ಸಾಕುವವರಿಗೆ ಇದು ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಲೆಪರ್ಡ್: ಹವೆಗೆ ಒಗ್ಗುವುದು ಇದೇ

ಲೆಪರ್ಡ್ ಗೆಕ್ಕೊ ಪಾಕಿಸ್ತಾನ, ಅಫ್ಘಾನಿಸ್ತಾನದ ಒಣ, ಕಲ್ಲುನೆಲದ ಕಡೆಯದು. ಬಹುಪಾಲು ಗೆಕ್ಕೊಗಳಿಗಿಲ್ಲದ ಕಣ್ಣುರೆಪ್ಪೆ ಇದಕ್ಕಿದೆ. ಬೆರಳಲ್ಲಿ ಅಂಟುವ ಪದರವಿಲ್ಲದ ಕಾರಣ ಗಾಜು ಏರಿ ತಪ್ಪಿಸಿಕೊಳ್ಳುವುದಿಲ್ಲ. ನಿಧಾನದ ಸ್ವಭಾವ, ದಪ್ಪ ಬಾಲದಲ್ಲಿ ಕೊಬ್ಬಿನ ದಾಸ್ತಾನು. ಬಾಲ ಸೊರಗಿದರೆ ಆರೋಗ್ಯ ಕೆಟ್ಟಿದೆ ಎಂದು ಹೊಸಬರಿಗೂ ಗೊತ್ತಾಗುತ್ತದೆ.

ತೊಟ್ಟಿಯ ಒಂದು ತುದಿ 30-32 ಡಿಗ್ರಿ ಬೆಚ್ಚಗೆ, ಇನ್ನೊಂದು ತುದಿ 25ರ ಆಸುಪಾಸು ತಂಪಾಗಿರಬೇಕು. ಹಲ್ಲಿ ತಾನೇ ಆಚೀಚೆ ಹೋಗಿ ಮೈಬಿಸಿ ಸರಿಮಾಡಿಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ಶಹಾಬಾದ್ ಫರಸಿಯ ತುಂಡು ನೆಲಕ್ಕೆ ಹಾಸಲು ತಕ್ಕದ್ದು: ಬಿಸಿಯನ್ನು ಹಿಡಿದಿಡುತ್ತದೆ, ತೊಳೆಯಲೂ ಸುಲಭ. ಮರಳು ಬೇಡ, ನುಂಗಿದರೆ ಕರುಳಿಗೆ ಅಡ್ಡಿ. ಡಿಸೆಂಬರ್-ಜನವರಿಯ ರಾತ್ರಿ ಧಾರವಾಡದ ಚಳಿ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಆಗ ತಾಪ ನಿಯಂತ್ರಕವಿರುವ ಹೀಟರ್ ಬೇಕು. ಏಪ್ರಿಲ್‌ನಲ್ಲಿ ಅದೇ ಹೀಟರನ್ನು ಆರಿಸಿ, ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಇಡಬೇಕು. ಪೊರೆ ಬಿಡಲು ಒದ್ದೆ ಬಟ್ಟೆ ಹಾಕಿದ ಸಣ್ಣ ಡಬ್ಬಿಯೊಂದಿರಲಿ.

ಇದು ಹುಳು ಮಾತ್ರ ತಿನ್ನುತ್ತದೆ, ಅದೂ ಜೀವಂತವಾದದ್ದನ್ನು. ಹಾಗೆಂದು ಹೊಲದಿಂದ ಮಿಡತೆ ಹಿಡಿದು ಹಾಕಬೇಡಿ. ನಮ್ಮ ಸುತ್ತ ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಔಷಧ ಹುಳುವಿನ ಮೂಲಕ ಹಲ್ಲಿಗೂ ಸೇರುತ್ತದೆ. ಮಿಣುಕುಹುಳುಗಳಲ್ಲಿ ಹಲ್ಲಿಗಳನ್ನು ಕೊಲ್ಲಬಲ್ಲ ವಿಷವೇ ಇದೆ. ಸಾಕಿ ಬೆಳೆಸಿದ ಹುಳುಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು, ವಿಟಮಿನ್ ಡಿ3 ಕೂಡ ಬೇಕು. ಇವು ತಪ್ಪಿದರೆ ಎಲುಬು ಮೆತ್ತಗಾಗಿ ಕಾಲು ಡೊಂಕಾಗುತ್ತದೆ. ಬಣ್ಣಕ್ಕೆ ಮರುಳಾಗುವುದೂ ಸಲ್ಲದು. ‘ಎನಿಗ್ಮಾ’ ಎಂಬ ತಳಿಯ ಹಲ್ಲಿಗಳಲ್ಲಿ ತಲೆ ವಾಲಿಸುವ, ಸುತ್ತು ತಿರುಗುವ ನರದೋಷ ವಂಶದಲ್ಲೇ ಬರುತ್ತದೆ.

ಕಾನೂನು ಏನು ಹೇಳುತ್ತದೆ?

“ವಿದೇಶಿ ಪ್ರಾಣಿಗೆ ಕಾನೂನಿಲ್ಲ” ಎಂಬುದು ಅಂಗಡಿಯವರಿಂದ ಹೆಚ್ಚಾಗಿ ಕೇಳುವ ಮಾತು. ಇದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು. ಸೈಟಿಸ್ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕೆಂಬ ನಿಯಮಗಳು 2024ರ ಫೆಬ್ರವರಿಯಲ್ಲಿ ಹೊರಬಿದ್ದವು. ಇದಕ್ಕಾಗಿ ಪರಿವೇಶ್ 2.0 ಎಂಬ ಜಾಲತಾಣವಿದೆ. ಇನ್ನೊಂದು ಮುಖ್ಯ ಸಂಗತಿ: ಲೆಪರ್ಡ್ ಗೆಕ್ಕೊದ ದಾಯಾದಿಗಳು ಮಹಾರಾಷ್ಟ್ರ, ಒಡಿಶಾ ಮುಂತಾದ ನಮ್ಮ ರಾಜ್ಯಗಳ ಕಾಡಿನಲ್ಲೇ ಇವೆ, ನೋಡಲು ಹೆಚ್ಚುಕಡಿಮೆ ಒಂದೇ ತೆರ. ಕಾಡಿನಿಂದ ಹಿಡಿದದ್ದನ್ನೇ ‘ವಿದೇಶಿ’ ಎಂದು ಮಾರಿದರೂ ಸಾಮಾನ್ಯರಿಗೆ ಗೊತ್ತಾಗದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಮಾರಾಟಗಾರರಿಂದ ತಳಿಸಾಕಣೆಯ ದಾಖಲೆ, ಬಿಲ್ಲು ಕೇಳಿ, ಅವನ್ನು ಧಾರವಾಡದ ಅರಣ್ಯ ಇಲಾಖೆಯ ಕಚೇರಿಗೆ ತೋರಿಸಿ ಬರಹದಲ್ಲೇ ಉತ್ತರ ಪಡೆಯಿರಿ. ದಾಖಲೆ ಕೊಡಲು ಒಲ್ಲೆ ಎಂದರೆ ವ್ಯಾಪಾರ ಅಲ್ಲಿಗೇ ಬಿಡಿ.

ಕೊಳ್ಳುವ ಮೊದಲು ಮನೆಯಲ್ಲಿ ಕೇಳಿಕೊಳ್ಳಬೇಕಾದದ್ದು

1. ಲೆಪರ್ಡ್ ಗೆಕ್ಕೊ 15ರಿಂದ 20 ವರ್ಷ ಬದುಕುತ್ತದೆ. ಈಗ ಆರನೇ ಇಯತ್ತೆಯ ಹುಡುಗ ನಾಳೆ ಕಾಲೇಜಿಗೆಂದು ಬೆಂಗಳೂರಿಗೆ ಹೋದರೆ ನೋಡಿಕೊಳ್ಳುವವರು ಯಾರು? ಬೇಡವಾಯಿತೆಂದು ಹೊರಗೆ ಬಿಡುವಂತಿಲ್ಲ.

2. ಮನೆಯಲ್ಲಿ ಐದು ವರ್ಷದೊಳಗಿನ ಮಗು, ಗರ್ಭಿಣಿ, ವಯಸ್ಸಾದವರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇದ್ದಾರೆಯೇ? ಇದ್ದರೆ ಸಾಲ್ಮೊನೆಲ್ಲದ ಕಾರಣ ಈ ಆಲೋಚನೆ ಸದ್ಯಕ್ಕೆ ಬೇಡ. ಸಾಕಿದವರೂ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

3. ಹಲ್ಲಿ, ಹಾವು, ಆಮೆಗಳಿಗೆ ಚಿಕಿತ್ಸೆ ಮಾಡಿ ಗೊತ್ತಿರುವ ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ? ಹಲ್ಲಿ ತರುವ ಮೊದಲೇ ವಿಚಾರಿಸಿ.

ಹವೆ, ಸ್ವಭಾವ, ನಿರ್ವಹಣೆ ಮೂರನ್ನೂ ತೂಗಿದರೆ ಹುಬ್ಬಳ್ಳಿ–ಧಾರವಾಡಕ್ಕೆ ಒಗ್ಗುವುದು ಲೆಪರ್ಡ್ ಗೆಕ್ಕೊ, ಅದೂ ದಾಖಲೆ ಸರಿಯಿದ್ದರೆ ಮಾತ್ರ. ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಕೊಳ್ಳಬೇಡಿ. ಅಲ್ಲಿಯವರೆಗೆ ಮಗುವಿನ ಕೈಗೊಂದು ನೋಟ್‌ಬುಕ್ ಕೊಟ್ಟು ಟ್ಯೂಬ್‌ಲೈಟ್ ಹತ್ತಿರದ ಹಲ್ಲಿಯನ್ನು ಒಂದು ತಿಂಗಳು ಗಮನಿಸಲು ಹೇಳಿ: ಎಷ್ಟು ಹೊತ್ತಿಗೆ ಬರುತ್ತದೆ, ಏನು ಹಿಡಿಯುತ್ತದೆ, ಯಾವಾಗ ಲೊಚಗುಟ್ಟುತ್ತದೆ. ತಿಂಗಳು ಕಳೆದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ತೊಟ್ಟಿಯ ಮಾತಾಡೋಣ.