ತಂತಿಯ ಹಾದಿ, ಗಾಳಿಯ ಹಾದಿ: ಮನೆಯಿಂದ ದುಡಿಯುವ ಗುಮಾಸ್ತರ ಗಮನಕ್ಕೆ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಡೊಂಬಿವಲಿಯಿಂದ ನಮ್ಮ ಸೋದರಳಿಯನ ಫೋನು ಬಂದಿತು. "ಮಾವ, ತಂತಿ ಸಿಕ್ಕಿಸಿ ಹತ್ತು ನಿಮಿಷವಾಯಿತು. ಸಾಹೇಬರ ಮಾತು ಮೊದಲಿನ ಹಾಗೆಯೇ ತುಂಡು ತುಂಡಾಗಿ ಕೇಳಿಸುತ್ತಿದೆ. ಅಂಗಡಿಯವನು ಹಾಳು ತಂತಿಯನ್ನು ಕಟ್ಟಿಕೊಟ್ಟನೇನೋ!" ಎಂದು ಅಲವತ್ತುಕೊಂಡನು.

ಅವನು ಒಂದು ಖಾಸಗಿ ಕಛೇರಿಯ ಗುಮಾಸ್ತ. ವಾರದಲ್ಲಿ ಎರಡು ದಿನ ಮನೆಯಲ್ಲಿಯೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಕೆಲಸ ಮಾಡತಕ್ಕದ್ದು. ನಾವು ಉತ್ತರ ಹೇಳುವಷ್ಟರಲ್ಲಿ ಸಿಟ್ಟಿನಿಂದ ವೈಫೈಯನ್ನು ನಿಲ್ಲಿಸಿದನು. ನಡೆಯುತ್ತಿದ್ದ ಸಭೆ ಕಡಿದುಹೋಯಿತು. ಹೇಗೋ ಮರಳಿ ಸೇರಿಕೊಂಡವನು ಸಂಶಯ ತೀರದೆ ತಂತಿಯನ್ನು ಕಿತ್ತು ವೈಫೈಯನ್ನು ಚಾಲೂ ಮಾಡಿದನು, ಮತ್ತೆ ಕಡಿಯಿತು. ಮಧ್ಯಾಹ್ನದೊಳಗೆ ಹೀಗೆ ನಾಲ್ಕು ಸಲ. ತಿಂಗಳ ಕೊನೆಗೆ ನೋಡಿದರೆ ಅರ್ಧ ದಿನದ ಸಂಬಳ ಕಡಿತ. ತಂತಿಯಲ್ಲಿ ಯಾವ ದೋಷವೂ ಇರಲಿಲ್ಲ.

ವೈಫೈ ಏಕೆ ತಡವರಿಸುತ್ತದೆಂಬುದನ್ನು ಹೋಟೆಲಿನಲ್ಲಿ ದುಡಿದವರಿಗೆ ತಿಳಿಸುವುದು ಕಷ್ಟವಲ್ಲ. ಸಂಜೆ ತಿಂಡಿಯ ಹೊತ್ತಿಗೆ ಹತ್ತು ಮಂದಿ ಮಾಣಿಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಏಕಕಾಲಕ್ಕೆ "ಎರಡು ಮಸಾಲೆ, ಒಂದು ಇಡ್ಲಿ ವಡೆ" ಎಂದು ಕೂಗಿದರೆ ಭಟ್ಟರಿಗೆ ಒಂದೂ ಅರ್ಥವಾಗದು. ಒಬ್ಬನು ಕೂಗುವಾಗ ಉಳಿದವರು ಸುಮ್ಮನಿರಬೇಕು. ವೈಫೈಯ ರೂಢಿಯೂ ಇದೇ. 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಒಂದನ್ನೊಂದು ತುಳಿಯದ ಚಾನೆಲ್ಲುಗಳೆಂದರೆ 1, 6, 11 ಎಂಬ ಮೂರು. ಮುಂಬಯಿಯ ಒಂದೊಂದು ಕಟ್ಟಡದಲ್ಲಿ, ಮೇಲೆ ಕೆಳಗೆ ಅಕ್ಕಪಕ್ಕ, ಎಷ್ಟು ರೌಟರುಗಳಿವೆಯೆಂಬುದನ್ನು ವಾಚಕರೇ ಎಣಿಸಿ ನೋಡಲಿ. ಮೈಕ್ರೋವೇವ್ ಒಲೆಯೂ ಅದೇ ತರಂಗಗಳ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ, ಮನೆಯಾಕೆ ಅದರಲ್ಲಿ ಹಾಲು ಬಿಸಿಮಾಡಿದರೂ ಸಾಹೇಬರ ದನಿ ತೊದಲಬಹುದು! 5 ಗಿಗಾಹರ್ಟ್ಸ್‌ನಲ್ಲಿ ಸ್ಥಳ ಹೆಚ್ಚು; ಆದರೆ ಗೋಡೆ ದಾಟುವಾಗ ಅದು ಬೇಗನೆ ಸೋಲುತ್ತದೆ. ತಂತಿಗೆ ಈ ಕೂಗಾಟವಿಲ್ಲ. ಅದು ರೌಟರಿನಿಂದ ನಿಮ್ಮ ಮೇಜಿಗೆ ಮೀಸಲಾದ ಹಾದಿ. ಹೊರಗಿನಿಂದ ರೌಟರಿಗೆ ಬರುವ ಸಂಪರ್ಕವೇ ಮಂದವಾಗಿದ್ದರೆ ಮಾತ್ರ ತಂತಿಯಿಂದಲೂ ಫಲವಿಲ್ಲ.

ವಿನೋದವೆಂದರೆ, ಈ ತಂತಿಯ ವಿದ್ಯೆ ಹುಟ್ಟಿದ್ದು ಗಾಳಿಯಿಂದಲೇ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ನರು 1971ರಲ್ಲಿ ರೇಡಿಯೋ ಮೂಲಕ ಗಣಕಜಾಲವನ್ನು ನಡೆಸಿ ತೋರಿಸಿದರು. ಅದನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್‌ಕಾಫರು 1973ರಲ್ಲಿ ಈಥರ್‌ನೆಟ್ಟಿನ ಯೋಜನೆಯನ್ನು ಬರೆದರು. ವೈಫೈಯ ಮೊದಲ ಮಾನಕ ಬಂದುದು 1997ರಲ್ಲಿ.

ಇನ್ನು ಅಳಿಯನ ಪ್ರಕರಣ. ಎರಡೂ ಹಾದಿಗಳು ತೆರೆದಿರುವಾಗ ವಿಂಡೋಸ್ ಪ್ರತಿಯೊಂದಕ್ಕೂ ಒಂದು ಅಂಕೆಯನ್ನು ಕೊಟ್ಟು, ಚಿಕ್ಕ ಅಂಕೆಯದನ್ನು ಮೊದಲು ಹಿಡಿಯುತ್ತದೆ. ಸಾಮಾನ್ಯವಾಗಿ ಅದು ತಂತಿಯೇ. ಮ್ಯಾಕ್ ಗಣಕದಲ್ಲಿ ಈ ಸರದಿಯನ್ನು ನಾವೇ ಮೇಲೆ ಕೆಳಗೆ ಮಾಡಬಹುದು. ಆದರೆ ಈ ಆಯ್ಕೆಯು ಹೊಸದಾಗಿ ಹೊರಡುವ ಕೆಲಸಕ್ಕೆ ಮಾತ್ರ. ತಂತಿಗೂ ವೈಫೈಗೂ ರೌಟರು ಬೇರೆ ಬೇರೆ ವಿಳಾಸಗಳನ್ನು ಕೊಟ್ಟಿರುತ್ತದೆ. ವೈಫೈಯ ವಿಳಾಸದಿಂದ ಆರಂಭವಾದ ಸಭೆಯು ಸಾಮಾನ್ಯವಾಗಿ ಅದೇ ಹಾದಿಯಲ್ಲಿ ಮುಂದುವರಿಯುತ್ತದೆ. ತಂತಿ ಸಿಕ್ಕಿಸಿದರೂ ದನಿ ಸುಧಾರಿಸದಿದ್ದುದಕ್ಕೆ ಇದೇ ಕಾರಣ. ವೈಫೈಯನ್ನು ನಿಲ್ಲಿಸಿದೊಡನೆ ಆ ವಿಳಾಸವೇ ಇಲ್ಲವಾಯಿತು. ಗಿರಾಕಿ ಎದ್ದುಹೋದ ಮೇಜಿಗೆ ತಟ್ಟೆ ತಂದ ಮಾಣಿಯಂತಾಯಿತು ಕಛೇರಿಯ ಉತ್ತರದ ಪಾಡು. ವಿಪಿಎನ್ ಎಂಬ ಕಛೇರಿಯ ಖಾಸಗಿ ಬಾಗಿಲೂ ಆಗ ಮುಚ್ಚಿಕೊಂಡಿತು.

ಆದುದರಿಂದ ಹಾದಿ ಬದಲಿಸುವ ಕೆಲಸವನ್ನು ಕಛೇರಿಗೆ ಲಾಗಿನ್ ಆಗುವ ಮೊದಲೇ ಮುಗಿಸಬೇಕು. ತಂತಿಯ ಒಂದು ತುದಿಯನ್ನು ರೌಟರಿನ ಲ್ಯಾನ್ ಪೋರ್ಟಿಗೆ, ಹೊರಗಿನ ಸಂಪರ್ಕದ ವ್ಯಾನ್ ಪೋರ್ಟಿಗಲ್ಲ, ಇನ್ನೊಂದನ್ನು ಲ್ಯಾಪ್‌ಟಾಪಿಗೆ 'ಟಕ್' ಎನ್ನುವಂತೆ ಸಿಕ್ಕಿಸಬೇಕು. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಈ ಪೋರ್ಟೇ ಇಲ್ಲ. ಅವಕ್ಕೆ ಯುಎಸ್‌ಬಿ ಅಡಾಪ್ಟರು ಬೇಕು. ಬಳಿಕ ವೈಫೈಯನ್ನು ನಿಲ್ಲಿಸಿ, ಮೊದಲು ತೆರೆದಿರದ ಒಂದು ಪುಟವನ್ನು ತೆರೆದು ನೋಡಬೇಕು. ತೆರೆದರೆ ತಂತಿಯೇ ದುಡಿಯುತ್ತಿದೆಯೆಂದು ನಿಶ್ಚಯ. ತಂತಿಯೊಳಗೆ ಎಂಟು ಎಳೆಗಳಿವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, 100 ಮೆಗಾಬಿಟ್ಟಿಗೆ ನಾಲ್ಕು ಸಾಕು. ಬಾಗಿಲ ಸಂದಿಯಲ್ಲಿ ಜಜ್ಜಿದ ತಂತಿಯು ಪೂರ್ತಿ ನಿಲ್ಲದೆ ನಿಧಾನವಾಗಿ ನಡೆಯುವುದು ಕೆಲವೊಮ್ಮೆ ಇದರಿಂದಲೇ.

ತಂತಿಯಿಂದ ವೈಫೈಗೆ ಮರಳುವಾಗಲೂ ಕೈಯಲ್ಲಿರುವ ಕೆಲಸ ಮುಗಿದಿರಬೇಕು. ಬುದ್ಧಿ ಹೇಳುವ ನಾವೇ ಒಂದು ರಾತ್ರಿ ಈ ಪತ್ರಿಕೆಯ ಪುಟಗಳು ಮುದ್ರಣಾಲಯಕ್ಕೆ ಹೋಗುತ್ತಿದ್ದಾಗ ಅವಸರದಿಂದ ತಂತಿ ಕಿತ್ತು, ಮುಕ್ಕಾಲು ಪಾಲು ಹೋಗಿದ್ದುದನ್ನು ಮೊದಲಿನಿಂದ ಕಳುಹಿಸಿದೆವು. ಮರುದಿನದ ಕಟ್ಟುಗಳಿಗೆ ಮೊದಲ ಲೋಕಲು ತಪ್ಪಿತು.

ಅಳಿಯನು ಈಗ ಒಂಬತ್ತೂವರೆಯ ಕೆಲಸಕ್ಕೆ ಒಂಬತ್ತೂಕಾಲಿಗೇ ತಂತಿ ಸಿಕ್ಕಿಸಿ, ವೈಫೈ ನಿಲ್ಲಿಸಿ ಕುಳಿತಿರುತ್ತಾನೆ. ಮನೆಯ ಮಾಲಿಕರು ಗೋಡೆಗೆ ಮೊಳೆ ಹೊಡೆಯಗೊಡದ ಕಾರಣ ತಂತಿಯು ಬಾಗಿಲ ಚೌಕಟ್ಟಿನ ಮೇಲೆ ಅಂಟುಪಟ್ಟಿಯ ಬಲದಿಂದ ನಿಂತಿದೆ. ಅರ್ಧ ದಿನದ ಸಂಬಳದ ಕುರಿತು ಅರ್ಜಿ ಬರೆದುಕೊಟ್ಟಿದ್ದೇವೆ; ಉತ್ತರ ಇನ್ನೂ ಬಂದಿಲ್ಲ.