ಬಸ್ ಸ್ಟಾಪಿನ ಹಿಂದೆ ಒಂದು ಸೈಕಲ್ ದಾರಿ

ಇವತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ, ಆಕ್ಸ್‌ಫರ್ಡ್ ರೋಡಿಗೆ ಹೋಗೋಣ. ವಿಶ್ವವಿದ್ಯಾಲಯದ ನಡುವೆಯೇ ಹಾದುಹೋಗುವ ರಸ್ತೆ ಇದು. ಒಂದರ ಹಿಂದೊಂದು ಬಸ್ಸು, ಪಕ್ಕದಲ್ಲೇ ಆಸ್ಪತ್ರೆ, ಕ್ಲಾಸಿಗೆ ಲೇಟಾಯ್ತು ಅಂತ ಓಡೋ ಹುಡುಗರು. 2017ರ ಹೊತ್ತಿಗೆ ಇದನ್ನು ಹೊಸದಾಗಿ ರೂಪಿಸಿದರು. ಕ್ಯಾಂಪಸ್ ಭಾಗದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಖಾಸಗಿ ಕಾರುಗಳು ಹಾದುಹೋಗುವಂತಿಲ್ಲ.

ನಿಜವಾದ ಜಾಣತನ ಇರೋದು ಬಸ್ ಸ್ಟಾಪಿನಲ್ಲಿ. ಮಾಮೂಲಿ ರಸ್ತೆಯಲ್ಲಿ ಬಸ್ಸು ಎಡಕ್ಕೆ ಬಂದು ನಿಂತರೆ, ಸೈಕಲಿನವರು ಅದನ್ನು ಬಳಸಿಕೊಂಡು ರಸ್ತೆ ಮಧ್ಯಕ್ಕೆ ಬರಬೇಕು. ಇಲ್ಲಿ ಸೈಕಲ್ ದಾರಿ ಸ್ಟಾಪಿನ ಹಿಂದಿನಿಂದ ಸುತ್ತಿ ಹೋಗುತ್ತೆ. ಸ್ಟಾಪು ಒಂದು ಪುಟ್ಟ ದ್ವೀಪ.

ದ್ವೀಪ ಅಂದಮೇಲೆ ದಾಟಬೇಕಲ್ಲ? ಕಣ್ಣು ಕಾಣದವರು ದಾಟುವುದು ಕಿವಿಯನ್ನು ನಂಬಿ. ಬಸ್ ಎಂಜಿನ್ನಿನ ಮಂದ್ರ ಸದ್ದು ಒಳಕಿವಿಯ ಪೊರೆಯ ಬಹುಭಾಗವನ್ನು ಅಲುಗಿಸುತ್ತೆ. ಸೈಕಲ್ ಟೈರಿನ ಸರಸರ ಅದರಲ್ಲಿ ಮುಳುಗಿಹೋಗುತ್ತೆ. ನೆಲದ ಉಬ್ಬುಹಾಸು (ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದದ್ದು) ದಾಟುವ ಜಾಗ ಎಲ್ಲಿ ಅಂತ ಪಾದಕ್ಕೆ ಹೇಳುತ್ತೆ. ಸೈಕಲ್ ಬರ್ತಾ ಇದೆಯಾ ಅಂತ ಹೇಳಲ್ಲ. ಬ್ರಿಟನ್ನಿನ ಅಂಧರ ಸಂಘಟನೆಗಳು ಇಂಥ ಸ್ಟಾಪುಗಳನ್ನು ವಿರೋಧಿಸುತ್ತಿರುವುದು ಇದಕ್ಕೇ.

ನಾವೂ ಸೈಕಲ್ ಪಕ್ಷದವರೇ, ಒಪ್ಪಿಕೊಳ್ತೀವಿ. ಆದರೂ ಈ ದೂರು ನ್ಯಾಯವಾದದ್ದು. ದಾಟುವ ಕಡೆ ಸೈಕಲ್ ದಾರಿಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತಿ, ಅಗಲ ಕಡಿಮೆ ಮಾಡಿದರೆ ವೇಗ ತಗ್ಗುತ್ತೆ. ಉಳಿದದ್ದು ಬ್ರೇಕ್ ಹಿಡಿದಿರುವ ನಮ್ಮ ಕೈಯಲ್ಲಿದೆ, ಬಿಳಿ ಕೋಲು ಹಿಡಿದವರ ಕೈಯಲ್ಲಲ್ಲ.